ಭಾವುರಾವ ಪಾಟೀಲರೂ ಅವರ ಗುರುಜನರೂ

ವಿದ್ಯಾರ್ಥಿಯ ಶೀಲವನ್ನು ಉಪಾಧ್ಯಾಯನು ಎಷ್ಟರಮಟ್ಟಿಗೆ ರೂಪಿಸಬಲ್ಲನು ಎಂಬ ಪ್ರಶ್ನೆಗೆ ತರಬೇತಿಯ ದಿನಗಳಲ್ಲಿ ನಾವೆಲ್ಲರೂ ಉತ್ತರ ಬರೆದವರೇ. ಪ್ರೀತಿಯಿಂದ ಒಲಿಸಬೇಕು, ದಂಡನೆಯಿಂದ ಕೆಡಿಸಬಾರದು ಎಂದು ಬರೆದರೆ ಅಲ್ಲಿ ಅಂಕಗಳು ದೊರೆಯುತ್ತಿದ್ದವು. ಆದರೆ ಮಾತು ಕೇಳದ, ನಿಯಮಕ್ಕೆ ಬಗ್ಗದ, ಪರೀಕ್ಷೆಯಲ್ಲಿ ತೇರ್ಗಡೆಯಾಗದ ಒಬ್ಬ ಹುಡುಗನು ನಿಜವಾಗಿ ಎದುರಿಗೆ ನಿಂತಾಗ ಆ ಉತ್ತರವು ನಮ್ಮನ್ನು ಬಹುದೂರ ಕೊಂಡೊಯ್ಯುವುದಿಲ್ಲ. ಅಂಥ ಒಬ್ಬ ಹುಡುಗನ ಚರಿತ್ರೆ ನಮ್ಮ ಕೊಲ್ಲಾಪುರದಲ್ಲಿಯೇ ನಡೆದಿದೆ. ಮುಂದೆ ‘ಕರ್ಮವೀರ’ರೆಂದು ಹೆಸರಾದ ಭಾವುರಾವ ಪಾಟೀಲರ ವಿದ್ಯಾರ್ಥಿದೆಸೆಯ ಚರಿತ್ರೆಯದು.

ಭಾವುರಾವರು 1887ನೆಯ ಸಪ್ಟೆಂಬರ 22ರಂದು ಕುಂಭೋಜದಲ್ಲಿ ಜನಿಸಿದರು. ಇಚಲಕರಂಜಿಯಿರುವ ಹಾತಕಣಂಗಲೆ ತಾಲೂಕಿನದೇ ಗ್ರಾಮವದು. ಮನೆತನವು ಜೈನರದು; ಪೂರ್ವಜರು ಮೂಡಬಿದಿರೆಯ ಸೀಮೆಯಿಂದ ಜೀವನೋಪಾಯವನ್ನರಸಿ ಇತ್ತ ಬಂದವರೆಂದು ಚರಿತ್ರಕಾರರು ಬರೆದಿದ್ದಾರೆ. ಬಾಲಕ ಭಾವುರಾವರಿಗೆ ಪುಸ್ತಕಕ್ಕಿಂತ ಕುಸ್ತಿಯ ಅಖಾಡವೇ ಹೆಚ್ಚು ಪ್ರಿಯವಾಗಿತ್ತು. ಇಂಗ್ಲಿಷ್ ಶಿಕ್ಷಣಕ್ಕಾಗಿ ಅವರನ್ನು ಕೊಲ್ಲಾಪುರದ ರಾಜಾರಾಮ ಹಾಯಸ್ಕೂಲಿಗೆ ಸೇರಿಸಿ, ವಾಸಕ್ಕೆ ಜೈನ ಬೋರ್ಡಿಂಗಿನಲ್ಲಿ ಇರಿಸಲಾಯಿತು.

ಆ ಬೋರ್ಡಿಂಗಿನ ಮೇಲ್ವಿಚಾರಕರು ಅಣ್ಣಾಸಾಹೇಬ ಲಠ್ಠೆಯವರು. ಕುರುಂದವಾಡದಲ್ಲಿ ಹುಟ್ಟಿ, ಎಂ. ಎ. ಪದವಿ ಪಡೆದು, ಮುಂದೆ ಬೆಳಗಾವಿಯಲ್ಲಿ ವಕೀಲರಾಗಿಯೂ, 1937ರಿಂದ 1939ರ ವರೆಗೆ ಮುಂಬಯಿ ಪ್ರಾಂತದ ಹಣಕಾಸಿನ ಮಂತ್ರಿಗಳಾಗಿಯೂ ಪ್ರಸಿದ್ಧರಾದ ವಿದ್ವಾಂಸರು ಅವರು. ಶಿಸ್ತಿನ ಗುರುವಿಗೂ ಶಿಸ್ತನ್ನರಿಯದ ಶಿಷ್ಯನಿಗೂ ಬಹುಕಾಲ ಹೊಂದಿಕೆಯಾಗಲಿಲ್ಲ. 1908ರಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ಕೊಲ್ಲಾಪುರದಲ್ಲಿ ಮಿಸ್ ಕ್ಲಾರ್ಕ್ ವಸತಿಗೃಹವು ಪ್ರಾರಂಭವಾದಾಗ ಭಾವುರಾವರು ಆ ಸಮಾರಂಭಕ್ಕೆ ಹೋದರು. ತಿರುಗಿ ಬಂದ ಮೇಲೆ ಸ್ನಾನಮಾಡಿ ಶುದ್ಧನಾಗಿ ಊಟಕ್ಕೆ ಬರಬೇಕೆಂದು ಅಪ್ಪಣೆಯಾಯಿತು. ಅವರು ಒಪ್ಪಲಿಲ್ಲ. ಪರಿಣಾಮವಾಗಿ ಬೋರ್ಡಿಂಗಿನಿಂದ ಹೊರಬೀಳಬೇಕಾಯಿತು. ಆ ದಿನದ ದಾಖಲೆಯಲ್ಲಿ ಈ ಹುಡುಗನು ಕೇವಲ ಉದ್ಧಟನು. ಇಂದು ಓದುವ ನಮಗೆ ಆ ಉದ್ಧಟತನದೊಳಗೆ ಒಂದು ನ್ಯಾಯಬುದ್ಧಿ ಕಾಣುತ್ತದೆ. ತರಗತಿಯಲ್ಲಿ ಎದುರುತ್ತರ ಕೊಡುವ ಹುಡುಗನ ಬಾಯಿ ಮುಚ್ಚಿಸುವ ಮುನ್ನ, ಅವನು ಯಾವುದನ್ನು ಎದುರಿಸುತ್ತಿದ್ದಾನೆಂದು ಒಮ್ಮೆ ಕೇಳಿ ನೋಡುವುದು ಉಪಾಧ್ಯಾಯನಿಗೆ ಉಚಿತವೆಂದು ಈ ಪ್ರಸಂಗವು ತಿಳಿಸುತ್ತದೆ.

ಹೊರಬಿದ್ದ ಹುಡುಗನಿಗೆ ಆಸರೆ ಕೊಟ್ಟವರು ಕೊಲ್ಲಾಪುರದ ಅರಸರಾದ ಶಾಹೂ ಛತ್ರಪತಿಗಳು. ಅರಮನೆಯಲ್ಲಿಯೇ ಅವನ ವಾಸಕ್ಕೆ ಏರ್ಪಾಡಾಯಿತು. ಹೀಗಿದ್ದರೂ ಪರೀಕ್ಷೆಯಲ್ಲಿ ಗಣಿತವು ಅವನ ಕೈಹಿಡಿಯಲಿಲ್ಲ. ಅವನನ್ನು ಮೇಲಿನ ವರ್ಗಕ್ಕೆ ಹಾಕಬಹುದೇ ಎಂದು ಸ್ವತಃ ಮಹಾರಾಜರೇ ಸೂಚಿಸಿದಾಗ, ಕುಲಕರ್ಣಿ ಎಂಬ ಗಣಿತದ ಉಪಾಧ್ಯಾಯರು, ಬೇಕಾದರೆ ಭಾವುರಾವನು ಕುಳಿತುಕೊಳ್ಳುವ ಬೆಂಚನ್ನು ಮೇಲಿನ ವರ್ಗಕ್ಕೆ ಕಳಿಸುವೆನು, ಭಾವುರಾವನನ್ನು ಕಳಿಸಲಾರೆನು ಎಂದರೆಂಬ ಕಥೆ ಈ ಭಾಗದಲ್ಲಿ ಸುಪ್ರಸಿದ್ಧವಾಗಿದೆ. ಸಂಸ್ಥಾನದ ಸಂಬಳ ಪಡೆಯುವ ಒಬ್ಬ ಮಾಸ್ತರರು ಸಂಸ್ಥಾನದ ಒಡೆಯರಿಗೆ ಕೊಟ್ಟ ಉತ್ತರವಿದು! ಇಂಗ್ಲಿಷ್ ಆರನೆಯ ಇಯತ್ತೆಯಲ್ಲಿಯೇ ಭಾವುರಾವರ ಶಾಲೆಯ ಓದು ಮುಗಿಯಿತು.

ಶಾಹೂ ಮಹಾರಾಜರಿಗೆ ಗುರುವಿನ ಬೆಲೆ ತಿಳಿಯದ್ದೇನಲ್ಲ. ರಾಜಕೋಟದ ವ್ಯಾಸಂಗದ ಬಳಿಕ 1894ರಲ್ಲಿ ರಾಜ್ಯಾಧಿಕಾರ ವಹಿಸಿಕೊಳ್ಳುವವರೆಗೆ ಅವರು ನಮ್ಮ ಧಾರವಾಡದಲ್ಲಿ ಫ್ರೇಜರ್ ಸಾಹೇಬರ ಕೈಕೆಳಗೆ ಕಲಿತವರು. ಅದೇ ಫ್ರೇಜರರು ತರುವಾಯ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಗುರುಗಳಾದರು.

ಹೊರಹಾಕಿದ ಗುರು, ತೇರ್ಗಡೆ ಮಾಡದ ಗುರು ಇವರಿಂದ ಈ ಶಿಷ್ಯನ ಶೀಲದಲ್ಲಿ ಏನು ಉಳಿಯಿತು? ಉತ್ತರವು 1914ರಲ್ಲಿ ದೊರೆಯುತ್ತದೆ. ಆ ವರ್ಷ ಕೊಲ್ಲಾಪುರದಲ್ಲಿ ಬ್ರಿಟಿಷ್ ರಾಜಮನೆತನದ ಪ್ರತಿಮೆಗೆ ಯಾರೋ ಡಾಂಬರು ಬಳಿದರು. ಸಂಶಯವು ಲಠ್ಠೆಯವರ ಮೇಲೆ ಬಿತ್ತು. ಅವರ ವಿರುದ್ಧ ಸಾಕ್ಷಿ ನುಡಿಯೆಂದು ಭಾವುರಾವರನ್ನು ಹಿಡಿದು ಪೀಡಿಸಿದರು. ತನ್ನನ್ನು ಬೋರ್ಡಿಂಗಿನಿಂದ ಹೊರಹಾಕಿದವರ ಮೇಲೆ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಸುಲಭದ ಸಂದರ್ಭ ಇನ್ನಾವುದಿತ್ತು? ಬಂಧನದ ಯಾತನೆಯನ್ನು ಸಹಿಸಿದರೇ ಹೊರತು ಭಾವುರಾವರು ಸುಳ್ಳು ನುಡಿಯಲಿಲ್ಲ. ಅರಸನ ಮುಂದೆಯೂ ಇಲ್ಲದ ಅಂಕಗಳನ್ನು ಕೊಡಲೊಪ್ಪದ ಉಪಾಧ್ಯಾಯರನ್ನು ಕಂಡ ವಿದ್ಯಾರ್ಥಿಯು ಪೊಲೀಸರ ಮುಂದೆ ಇಲ್ಲದ ಸಾಕ್ಷಿಯನ್ನು ಕೊಡಲೊಪ್ಪಲಿಲ್ಲ. ಒಂದರಿಂದಲೇ ಇನ್ನೊಂದು ಹುಟ್ಟಿತೆಂದು ಗಣಿತದಂತೆ ಸಾಧಿಸಲು ಬಾರದು. ಆದರೂ ಎರಡೂ ಒಂದೇ ಜಾತಿಯ ಧೈರ್ಯವೆಂಬುದು ಸ್ಪಷ್ಟ. ಗುರುವಿನ ಪ್ರಭಾವವು ಬೋಧನೆಯಲ್ಲಿರುವುದಕ್ಕಿಂತ ನಡತೆಯಲ್ಲಿರುತ್ತದೆ. ಮತ್ತು ವಾರ್ಷಿಕ ಪರೀಕ್ಷೆಯ ಹೊತ್ತಿಗೆ ಅದರ ಫಲ ತೋರಬೇಕೆಂಬ ನಿಯಮವಿಲ್ಲ.

1919ನೆಯ ಅಕ್ಟೋಬರ 4ರಂದು ಕರಾಡ ತಾಲೂಕಿನ ಕಾಲೆ ಗ್ರಾಮದಲ್ಲಿ ಭಾವುರಾವರು ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. 1924ರಲ್ಲಿ ಸಾತಾರೆಯಲ್ಲಿ ಅವರು ತೆರೆದ ವಸತಿಗೃಹದಲ್ಲಿ ಎಲ್ಲ ಜಾತಿಗಳ ಹುಡುಗರು ಕೂಡಿ ಅಡಿಗೆ ಮಾಡಿ, ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಈ ಮಕ್ಕಳ ಊಟಕ್ಕಾಗಿ ಪತ್ನಿ ಲಕ್ಷ್ಮೀಬಾಯಿಯವರು ತಮ್ಮ ಆಭರಣಗಳನ್ನು, ಕಡೆಗೆ ಮಂಗಳಸೂತ್ರವನ್ನೂ ಕೊಟ್ಟರು. ತಾನು ಪೀಡೆಪಟ್ಟದ್ದು ಶಾಹೂ ಮಹಾರಾಜರ ಸಂಸ್ಥಾನದಲ್ಲಿಯೇ ಎಂಬುದನ್ನು ಮನಸ್ಸಿನಲ್ಲಿಡದೆ ಆ ವಸತಿಗೃಹಕ್ಕೆ ಅವರ ಹೆಸರನ್ನೇ ಇರಿಸಿದರು. 1927ರಲ್ಲಿ ಗಾಂಧೀಜಿಯವರ ಹಸ್ತದಿಂದ ಆ ನಾಮಕರಣವಾಯಿತು. 1935ರಲ್ಲಿ ಪ್ರಾಥಮಿಕ ಶಿಕ್ಷಕರ ತರಬೇತಿ ವಿದ್ಯಾಲಯ, 1940ರಲ್ಲಿ ದುಡಿದು ಕಲಿಯುವ ಉಚಿತ ಹಾಯಸ್ಕೂಲು, 1947ರಲ್ಲಿ ಶಿವಾಜಿ ಕಾಲೇಜು ಸಾತಾರೆಯಲ್ಲಿ ತಲೆಯೆತ್ತಿದವು. ಆರನೆಯ ಇಯತ್ತೆಯಲ್ಲಿ ನಿಂತವರಿಗೆ 1959ರಲ್ಲಿ ಪುಣೆ ವಿಶ್ವವಿದ್ಯಾಲಯವು ಡಿ. ಲಿಟ್. ಪದವಿಯನ್ನಿತ್ತು ಗೌರವಿಸಿತು. ಅದೇ ವರ್ಷ ಮೇ 9ರಂದು ಅವರು ಕಾಲವಾದರು.

ಈ ಚರಿತ್ರೆಯನ್ನು ಓದಿ, ಕಠಿಣ ಶಿಸ್ತಿನಿಂದಲೇ ಮಹಾಪುರುಷರು ಆಗುತ್ತಾರೆಂದು ಯಾರೂ ತಿಳಿಯಬಾರದು. ಗಣಿತದ ಉಪಾಧ್ಯಾಯರ ನಿಷ್ಠುರತೆ ಭಾವುರಾವರಿಗೆ ವಿಷವಾಗದಿದ್ದುದಕ್ಕೆ ಒಂದು ಕಾರಣವುಂಟು. ಒಂದು ಬಾಗಿಲು ಮುಚ್ಚಿದಾಗ ಅವರಿಗೆ ಅರಮನೆಯ ಬಾಗಿಲು ತೆರೆದಿತ್ತು. ಇಚಲಕರಂಜಿಯ ಮಗ್ಗಗಳ ಕೆಲಸಕ್ಕೆ ತಂದೆತಾಯಿಗಳೊಡನೆ ಬಂದ ಹುಡುಗನಿಗೂ, ಗಡಹಿಂಗ್ಲಜದ ಸುತ್ತಿನ ಹೊಲಗಳಲ್ಲಿ ದುಡಿಯುವವರ ಮಗನಿಗೂ ಅರಮನೆಯಿಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ. ಈ ಎರಡರ ನಡುವೆ ಬೆಳೆಯುವ ಅವನು ನಮ್ಮ ಶಾಲೆಯಿಂದ ಹೊರಬಿದ್ದರೆ ಬೇರೆ ಶಾಲೆಗೆ ಹೋಗುವುದಿಲ್ಲ, ಕೆಲಸಕ್ಕೆ ಹೋಗುತ್ತಾನೆ. ಅವನ ಪಾಲಿಗೆ ಕುಲಕರ್ಣಿ ಮಾಸ್ತರರೂ ಶಾಹೂ ಮಹಾರಾಜರೂ ಒಬ್ಬ ಉಪಾಧ್ಯಾಯನೇ ಆಗಬೇಕಾಗಿದೆ. ಗಳಿಸದ ಅಂಕವನ್ನು ಕೊಡದಿರುವ ಕೈಯೇ ಮರುದಿನ ಅವನನ್ನು ಕರೆದು ಪಕ್ಕದಲ್ಲಿ ಕೂಡಿಸಿಕೊಂಡು ಲೆಕ್ಕ ಹೇಳಿಕೊಡಬೇಕು.

2009ರ ಶಿಕ್ಷಣದ ಹಕ್ಕಿನ ಕಾಯಿದೆಯ ಪ್ರಕಾರ ಎಂಟನೆಯ ಇಯತ್ತೆ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ತೆಗೆದುಹಾಕುವಂತಿಲ್ಲ. 2019ರ ತಿದ್ದುಪಡಿಯು ಐದನೆಯ ಹಾಗೂ ಎಂಟನೆಯ ಇಯತ್ತೆಗಳಲ್ಲಿ, ಮರುಪರೀಕ್ಷೆಯ ತರುವಾಯ, ಅನುತ್ತೀರ್ಣನನ್ನು ಅದೇ ವರ್ಗದಲ್ಲಿ ಉಳಿಸಲು ಆಸ್ಪದವಿತ್ತಿದೆ, ಹೊರಹಾಕಲು ಇತ್ತಿಲ್ಲ. ಆದರೆ ಹಾಜರಿ ಪುಸ್ತಕದಲ್ಲಿ ಹೆಸರಿದ್ದೂ ಉಪಾಧ್ಯಾಯನ ಮನಸ್ಸಿನಿಂದ ಹೊರಬಿದ್ದ ಮಕ್ಕಳಿದ್ದಾರೆ. ಅವರ ವಿಷಯದಲ್ಲಿ ಕಾಯಿದೆಯು ಏನನ್ನೂ ಮಾಡಲಾರದು. ಹಿಂದಿನ ಬೆಂಚಿನಲ್ಲಿ ಕುಳಿತ ಆ ಮಗುವನ್ನು ಹೆಸರು ಹಿಡಿದು ಕರೆಯುವುದು ನಮ್ಮ ಕೈಯಲ್ಲಿಯೇ ಇದೆ.