ತಾಯಿ ಕ್ಷೇಮ ಎಂದು ಬರೆದ ಮೇಲೆ

ನಮ್ಮ ಸಾಸ್ವೆಹಳ್ಳಿ ಸೀಮೆಯ ಹೆರಿಗೆಯ ಚರಿತ್ರೆಯನ್ನು ಬರೀ ಸಾವಿನ ಲೆಕ್ಕದಲ್ಲಿ ಬರೆದರೆ ಅರ್ಧ ಬರೆದ ಹಾಗೆ. ಹೆತ್ತು, ಬದುಕಿ, ಆದರೆ ಮೈ ಹರಿದುಕೊಂಡು, ಗರ್ಭಕೋಶ ಜಾರಿ, ಮೂತ್ರ ತಡೆಯಲಾಗದೆ ವರ್ಷಗಟ್ಟಲೆ ಗದ್ದೆಗೆ ಹೋದ ಹೆಂಗಸರು ಯಾವ ರಿಜಿಸ್ಟರಿನಲ್ಲೂ ಇಲ್ಲ. ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿ ಇಲ್ಲಿನ ಹಳ್ಳಿ, ತಾಂಡಾಗಳಲ್ಲಿ ಹೆರಿಗೆ ಮಾಡಿಸಿದ ನಾನು ಅಂಥವರನ್ನು ಕಂಡಿದ್ದೇನೆ.

ನಾನು ಕೆಲಸಕ್ಕೆ ಸೇರಿದಾಗ ಸಾಸ್ವೆಹಳ್ಳಿಯಿರುವ ಹೊನ್ನಾಳಿ ತಾಲ್ಲೂಕು ಶಿವಮೊಗ್ಗ ಜಿಲ್ಲೆಯಲ್ಲಿತ್ತು. ದಾವಣಗೆರೆಗೆ ಸೇರಿದ್ದು 1997ರಲ್ಲಿ. ಹೆರಿಗೆ ಕಷ್ಟವಾದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೇ ಗತಿ. ಉಳಿದದ್ದೆಲ್ಲ ಸೂಲಗಿತ್ತಿಯ ಕೈಯಲ್ಲಿ. ಆ ಕೈಗಳನ್ನು ನಾನು ಹಗುರವಾಗಿ ಕಾಣಲಾರೆ. ಒಳ್ಳೆಯ ಸೂಲಗಿತ್ತಿ ಹರಳೆಣ್ಣೆ ಸವರಿದ ಬೆಚ್ಚನೆಯ ಬಟ್ಟೆಯನ್ನು ಕೆಳಗೆ ಒತ್ತಿ ಹಿಡಿದು, ಮಗುವಿನ ತಲೆ ಒಮ್ಮೆಲೇ ನುಗ್ಗದಂತೆ ಅಂಗೈಯಲ್ಲಿ ತಡೆಯುತ್ತಿದ್ದಳು. "ಮುಕ್ಕಬೇಡ ತಾಯಿ, ಉಸಿರು ಬಿಡು" ಎನ್ನುವಳು. ಆ ಒಂದು ಗಳಿಗೆಯ ತಾಳ್ಮೆಯಿಂದ ಎಷ್ಟೋ ಮೈ ಹರಿಯದೆ ಉಳಿದವು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಈ ಕೈಗಳಿಗೂ ಬಂದಂತೆ ಸಂತೋಷಪಟ್ಟೆ.

ಆದರೆ ಹೆರಿಗೆ ತಡವಾದರೆ ಮನೆಯವರ ಆತುರಕ್ಕೆ ಹೊಟ್ಟೆಯನ್ನು ಮೇಲಿನಿಂದ ಒತ್ತುವುದೂ ಇತ್ತು. ಹರಿದ ಜಾಗಕ್ಕೆ ಹೊಲಿಗೆ ಇರಲಿಲ್ಲ. ಕಾಲು ಜೋಡಿಸಿ ಮಲಗಿಸುವುದು, ಬಿಸಿನೀರು ಎರೆಯುವುದು, ಲೋಬಾನದ ಹೊಗೆ ಹಾಕುವುದು, ಇಷ್ಟೇ. ಮೇಲಿನ ಗಾಯ ಹಾಗೂ ಹೀಗೂ ಮಾಯುತ್ತಿತ್ತು. ಗುದದ ಸ್ನಾಯುವಿನವರೆಗೆ ಹರಿದದ್ದು ಹೊಲಿಗೆಯಿಲ್ಲದೆ ಕೂಡಿಕೊಳ್ಳುವುದಿಲ್ಲ. ಮಲದ ಹಿಡಿತ ತಪ್ಪಿ ಅಂಥವಳು ಮದುವೆ, ಜಾತ್ರೆಗೆ ಹೋಗುವುದನ್ನೇ ಬಿಡುತ್ತಿದ್ದಳು.

ಇನ್ನೂ ಘೋರವಾದದ್ದು ಎರಡು ಮೂರು ದಿನ ನೋವು ತಿಂದವಳ ಪಾಡು. ಮಗುವಿನ ತಲೆ ಎಲುಬಿಗೆ ಸಿಕ್ಕಿಕೊಂಡು ಮೂತ್ರಕೋಶವನ್ನು ಅಮುಕುತ್ತದೆ. ರಕ್ತ ಹರಿಯದೆ ಆ ಜಾಗ ಸಾಯುತ್ತದೆ. ಕೆಲವು ದಿನಕ್ಕೆ ಅದು ಕಳಚಿ ತೂತು ಬೀಳುತ್ತದೆ. ಆಮೇಲೆ ಹಗಲೂ ರಾತ್ರಿ ಸೋರುವುದೇ. ಮಗುವೂ ಬಹುಪಾಲು ಉಳಿದಿರುತ್ತಿರಲಿಲ್ಲ. ಹೀಗಾದವಳೊಬ್ಬಳ ಹಾಸಿಗೆ ದನದ ಕೊಟ್ಟಿಗೆಯ ಪಕ್ಕಕ್ಕೆ ಹೋದದ್ದನ್ನು ನಾನೇ ನೋಡಿದ್ದೇನೆ. ಶಸ್ತ್ರಚಿಕಿತ್ಸೆಯಿಂದ ಇದು ವಾಸಿಯಾಗುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಂಡದ್ದು ಗರ್ಭಕೋಶ ಜಾರುವುದು. ಭದ್ರಾ ನಾಲೆಯ ನೀರು ಬಂದ ಮೇಲೆ ನಮ್ಮ ಸೀಮೆ ಭತ್ತದ ನಾಡಾಯಿತು. ನಾಟಿಯ ಕಾಲಕ್ಕೆ ಬಾಣಂತಿ ಕೋಣೆ ಎಲ್ಲರನ್ನೂ ಕಾಯಲಿಲ್ಲ. ಅನುಕೂಲಸ್ಥರ ಸೊಸೆಗೆ ತವರಿನಲ್ಲಿ ತಿಂಗಳುಗಟ್ಟಲೆ ಆರೈಕೆ; ಕೂಲಿಯವಳು ಹೊಟ್ಟೆಗೆ ಹಳೇ ಸೀರೆ ಬಿಗಿದುಕೊಂಡು ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿದಳು, ಹುಲ್ಲಿನ ಹೊರೆ ಹೊತ್ತಳು. ಹೆರಿಗೆಯಲ್ಲಿ ಸಡಿಲಾದ ಸ್ನಾಯು ಗಟ್ಟಿಯಾಗುವ ಮೊದಲೇ ಮುಂದಿನ ಬಸಿರು. "ಅಕ್ಕಾ, ಕೆಳಗೆ ಏನೋ ಬಂದೈತೆ" ಎಂದು ಸೆರಗು ಬಾಯಿಗಿಟ್ಟುಕೊಂಡು ಹೇಳುವ ಹೊತ್ತಿಗೆ ಹತ್ತಾರು ವರ್ಷ ಕಳೆದಿರುತ್ತಿತ್ತು.

ಕೇಳಿದರೆ ಹೇಳುತ್ತಾರೆ ಎನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿಯಿದೆ. 1990ರ ದಶಕದಲ್ಲಿ ಭಾಟಿಯಾ ಮತ್ತು ಕ್ಲೀಲ್ಯಾಂಡ್ ಎಂಬ ಸಂಶೋಧಕರು ಕರ್ನಾಟಕದ ಸುಮಾರು 3,600 ತಾಯಂದಿರನ್ನು ವಿಚಾರಿಸಿದಾಗ, ಮೂವರಲ್ಲಿ ಒಬ್ಬಳಷ್ಟು ಮಂದಿ ಒಂದಲ್ಲ ಒಂದು ಸ್ತ್ರೀರೋಗದ ಲಕ್ಷಣ ಹೇಳಿಕೊಂಡರು. ಅಳೆದರೆ ಉಪಾಯವೂ ಸಿಗುತ್ತದೆ. ಬೆಳಗಾವಿಯ ವೈದ್ಯರು ಬಾಣಂತಿಯ ಕೆಳಗೆ ಅಳತೆ ಗೆರೆಯಿರುವ ಪ್ಲಾಸ್ಟಿಕ್ ಹಾಳೆ ಹಾಸಿ ರಕ್ತ ಎಷ್ಟು ಹೋಯಿತೆಂದು ಅಳೆದರು. 2002ರಿಂದ 2005ರವರೆಗೆ ಅಲ್ಲಿ 1,620 ತಾಯಂದಿರ ಮೇಲೆ ನಡೆದ ಅಧ್ಯಯನದಲ್ಲಿ, ನನ್ನಂಥ ಸಹಾಯಕಿಯರೇ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟು, ಅತಿ ರಕ್ತಸ್ರಾವವನ್ನು ಶೇ. 12ರಿಂದ 6.4ಕ್ಕೆ ಇಳಿಸಿದರು. ಅದನ್ನು ಓದಿದಾಗ ನಮ್ಮ ಕೆಲಸಕ್ಕೆ ಬೆಲೆ ಬಂತು ಅನ್ನಿಸಿತು.

ಈಗ ಕಾಲ ಬದಲಾಗಿದೆ. 2005–06ರಲ್ಲಿ ರಾಜ್ಯದ ಶೇ. 64.7ರಷ್ಟು ಹೆರಿಗೆ ಆಸ್ಪತ್ರೆಯಲ್ಲಿ ಆಗುತ್ತಿತ್ತು. 2019–21ರ ಸಮೀಕ್ಷೆಯಲ್ಲಿ ಅದು ಶೇ. 97. ತಾಯಂದಿರ ಮರಣ ಲಕ್ಷ ಜೀವಂತ ಜನನಕ್ಕೆ 228 ಇದ್ದದ್ದು 69ಕ್ಕೆ ಇಳಿಯಿತು. 2008ರಿಂದ 108 ವಾಹನ ತಾಂಡಾದ ಬಾಗಿಲಿಗೂ ಬರುತ್ತಿದೆ. ಇದು ದೊಡ್ಡ ಗೆಲುವು. ಆದರೆ ಆಸ್ಪತ್ರೆಯ ಗಾಯಗಳೂ ಇವೆ. ಚೊಚ್ಚಲು ಎಂದರೆ ಹೆರಿಗೆಯ ದಾರಿಯನ್ನು ಕೊಯ್ದು ಹೊಲಿಯಲೇಬೇಕು ಎಂಬ ರೂಢಿಯಲ್ಲೇ ನಾವು ಕಲಿತೆವು. ಎಲ್ಲರಿಗೂ ಹಾಗೆ ಮಾಡಕೂಡದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಸ್ಪಷ್ಟವಾಗಿ ಹೇಳಿತು. ಸೂಲಗಿತ್ತಿಯ ಬೆಚ್ಚನೆಯ ಬಟ್ಟೆ, ತಡೆದು ಹಿಡಿಯುವ ಅಂಗೈ, ಇವೆರಡನ್ನೂ ಇಂದಿನ ವೈದ್ಯಶಾಸ್ತ್ರ ಒಪ್ಪಿದೆ.

ಹೆರಿಗೆಯಾದ ನಲವತ್ತೆರಡನೇ ದಿನದವರೆಗೆ ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾಳೆ, ಮಗುವಿನ ತೂಕ ನೋಡುತ್ತಾಳೆ. ಅದೇ ಹೊತ್ತಿನಲ್ಲಿ ತಾಯಿಯನ್ನು ಒಬ್ಬಳೇ ಕೂರಿಸಿಕೊಂಡು ಮೂರು ಮಾತು ಕೇಳಲಿ: ಹೊಲಿಗೆ ಮಾಯ್ದಿದೆಯೇ, ಮಲಮೂತ್ರ ಹಿಡಿತದಲ್ಲಿದೆಯೇ, ಕೆಳಗೆ ಏನಾದರೂ ಜಾರಿದಂತೆ ಅನ್ನಿಸುತ್ತದೆಯೇ. ಉತ್ತರವನ್ನು ಬರೆದುಕೊಳ್ಳಲಿ. ತೊಂದರೆ ಇದೆ ಎಂದವಳನ್ನು ವೈದ್ಯರ ಬಳಿಗೆ ಕರೆದೊಯ್ಯಲಿ. ಮುಂಚೆಯೇ ತಿಳಿದರೆ ವ್ಯಾಯಾಮ, ಗರ್ಭಕೋಶಕ್ಕೆ ಆಸರೆಯಾಗಿ ಒಳಗಿಡುವ ರಿಂಗು, ಹೊಲಿಗೆಯಿಂದಲೇ ಸರಿಹೋಗುವ ಎಷ್ಟೋ ತೊಂದರೆಗಳಿವೆ. ನಮ್ಮ ತಾಯಂದಿರು ಬದುಕಿ ಉಳಿದರೆ ಸಾಲದು, ನೆಟ್ಟಗೆ ನಡೆದಾಡಿಕೊಂಡಿರಬೇಕು.