ಅಂಗೈಯಲ್ಲಿ ಅಡಗುವ ಕೇಡು

ಮೋಟಾರು ಗಾಡಿಗಳ ಚರಿತ್ರೆಯಲ್ಲಿ ಜರ್ಮನಿಯ ಪೋರ್ಷೆ ಎಂಬ ಹೆಸರಿಗೆ ದೊಡ್ಡ ಮರ್ಯಾದೆಯುಂಟು. ಅಂಥ ಗಾಡಿಯ ಎಂಜಿನನ್ನು ಅಂಗೈಯಲ್ಲಿ ಅಡಗುವ ಒಂದು ಬೇರಿಂಗು ಹಾಳುಗೆಡವಿದ ಕಥೆ ಸಿರಿವಂತರಿಗಷ್ಟೇ ಸೇರಿದ್ದಲ್ಲ; ಹೆಸರನ್ನು ನಂಬಿ ಹಣ ತೆರುವವರೆಲ್ಲರೂ ಕೇಳಬೇಕಾದದ್ದು.

1986ರ ಸುಮಾರಿಗೆ ವರ್ಷಕ್ಕೆ 50,000 ಗಾಡಿಗಳನ್ನು ಮಾರುತ್ತಿದ್ದ ಈ ಸಂಸ್ಥೆ 1993ರ ವೇಳೆಗೆ ಸುಮಾರು 15,000ಕ್ಕೆ ಇಳಿದು ದಿವಾಳಿಯ ಅಂಚಿನಲ್ಲಿ ನಿಂತಿತ್ತು. ಆಗ ಚುಕ್ಕಾಣಿ ಹಿಡಿದ ವೆಂಡೆಲಿನ್ ವೀಡೆಕಿಂಗ್, ಟೊಯೊಟಾ ಪದ್ಧತಿಯಲ್ಲಿ ಪಳಗಿದ ಜಪಾನೀ ಎಂಜಿನಿಯರರನ್ನು ಕರೆಸಿ ಕಾರಖಾನೆಯ ದುಂದನ್ನು ಕತ್ತರಿಸಿದರು. 1996ರಲ್ಲಿ ಬಾಕ್ಸ್‌ಸ್ಟರ್, 1997ರಲ್ಲಿ ಹೊಸ 911 ಹೊರಬಂದವು. ಎರಡಕ್ಕೂ ಎಷ್ಟೋ ಭಾಗಗಳು ಸಮಾನ. ಗಾಳಿಯಿಂದ ತಣಿಯುತ್ತಿದ್ದ ಎಂಜಿನು ಹೋಗಿ ನೀರಿನಿಂದ ತಣಿಯುವುದು ಬಂತು. ಸಂಸ್ಥೆ ಬದುಕಿತು.

ಆದರೆ ಹೊಸ ಎಂಜಿನಿನ ಒಡಲಲ್ಲಿ ಒಂದು ಊನವಿತ್ತು. ಕ್ರ್ಯಾಂಕಿನ ತಿರುಗುವಿಕೆಯನ್ನು ಸರಪಳಿಗಳ ಮೂಲಕ ಕ್ಯಾಮುಗಳಿಗೆ ಒಯ್ಯುವ ನಡುವಣ ಷಾಫ್ಟು ಹಳೆಯ ಎಂಜಿನಿನಲ್ಲಿಯೂ ಇತ್ತು. ಅಲ್ಲಿ ಅದು ಸದಾ ಎಣ್ಣೆ ಹರಿಯುವ ಸಾದಾ ಬೇರಿಂಗಿನಲ್ಲಿ ತಿರುಗುತ್ತಿತ್ತು. ಹೊಸದರಲ್ಲಿ ಅದರ ಒಂದು ತುದಿಗೆ, ಗ್ರೀಸು ತುಂಬಿ ಮುಚ್ಚಿದ ಗುಂಡಿನ ಬೇರಿಂಗನ್ನು ಇಟ್ಟರು. ಕಾಲಕ್ರಮದಲ್ಲಿ ಕಾದ ಎಣ್ಣೆ ಮುಚ್ಚಳವನ್ನು ದಾಟಿ ಗ್ರೀಸನ್ನು ತೊಳೆದುಬಿಡುತ್ತಿತ್ತು. ಆದರೆ ಅದೇ ಮುಚ್ಚಳದ ದೆಸೆಯಿಂದ ಹೊಸ ಎಣ್ಣೆ ಧಾರಾಳವಾಗಿ ಒಳಹರಿಯಲಾರದು. ಬೇರಿಂಗು ಸವೆದು ಒಡೆದರೆ ಸರಪಳಿಯ ತಾಳ ತಪ್ಪುತ್ತದೆ. ವಾಲ್ವುಗಳು ಪಿಸ್ಟನ್ನುಗಳಿಗೆ ಬಡಿಯುತ್ತವೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ!

ಬೇರಿಂಗಿನ ಬೆಲೆ ಅಲ್ಪ. ಅದನ್ನು ಮುಟ್ಟಬೇಕಾದರೆ ಗೇರುಪೆಟ್ಟಿಗೆಯನ್ನೇ ಇಳಿಸಬೇಕು. ಒಡೆದ ಮೇಲಂತೂ ಇಡೀ ಎಂಜಿನನ್ನೇ ಬದಲಿಸಬೇಕು. ಹೀಗೆ ಕೆಟ್ಟ ಗಾಡಿಗಳು ಒಟ್ಟಿನಲ್ಲಿ ಕಡಮೆಯೇ, ನಿಜ. ಆದರೆ ಕೆಟ್ಟಾಗ ವಾರಂಟಿಯ ಅವಧಿ ಎಷ್ಟೋ ಸಲ ಮುಗಿದಿರುತ್ತಿತ್ತು. ಗಾಡಿ ಎರಡನೆಯ ಕೈಗೋ ಮೂರನೆಯ ಕೈಗೋ ದಾಟಿರುತ್ತಿತ್ತು. ಬಹುದಿನದ ಆಸೆಗೆ ಹಣ ಕೂಡಿಟ್ಟು ಹಳೆಯ ಗಾಡಿ ಕೊಂಡವನಿಗೆ, ರಿಪೇರಿಯ ಲೆಕ್ಕ ಕೊಂಡ ಬೆಲೆಯನ್ನೇ ಮುಟ್ಟುವುದುಂಟು.

ಅಮೆರಿಕದ ಗಿರಾಕಿಗಳು ಒಗ್ಗೂಡಿ ನ್ಯಾಯಾಲಯಕ್ಕೆ ಹೋದರು. 2013ರಲ್ಲಿ ರಾಜಿಯಾಯಿತು, ಆದರೆ ಅದು 2001ರಿಂದ 2005ರ ನಡುವೆ ತಯಾರಾದ ಗಾಡಿಗಳಿಗೆ ಮಾತ್ರ. ಅಷ್ಟರಲ್ಲಿ ಸಂಸ್ಥೆಯೇ ಮೊದಲು ಬೇರಿಂಗನ್ನು ದೊಡ್ಡದು ಮಾಡಿ, ಬಳಿಕ 2009ರ ಮಾದರಿಗಳ ಹೊಸ ಎಂಜಿನಿನಲ್ಲಿ ಆ ಷಾಫ್ಟನ್ನೇ ಕೈಬಿಟ್ಟಿತ್ತು.

ಮಿತವ್ಯಯ ತಪ್ಪಲ್ಲ, ಅದಿಲ್ಲದಿದ್ದರೆ ಆ ಹೆಸರು ಇಂದು ಚರಿತ್ರೆಯಲ್ಲಿ ಮಾತ್ರ ಉಳಿದಿರುತ್ತಿತ್ತೇನೋ. ಆದರೆ ಕಾರಖಾನೆಯಲ್ಲಿ ಉಳಿದ ಕಾಸು ಯಾವನೋ ಅಪರಿಚಿತನ ಮನೆಯಲ್ಲಿ ಸಾಲವಾಗಿ ಕಾಣಿಸಿಕೊಂಡರೆ ಆ ಲೆಕ್ಕವನ್ನು ಯಾರ ಖಾತೆಗೆ ಬರೆಯಬೇಕು? ಎಂಜಿನು ಸುಧಾರಿಸಿತು, ಈ ಪ್ರಶ್ನೆಗೆ ಮಾತ್ರ ಅರ್ಧ ಉತ್ತರವೇ ದೊರೆತದ್ದು.