ವರ್ಷ ತುಂಬಿದ ಎಸ್‌ಯುವಿ

ಭಾರತದಲ್ಲಿ ಮಧ್ಯಮ ಗಾತ್ರದ ಎಸ್‌ಯುವಿ ಎಂದರೆ ಹೆಚ್ಚುಕಡಿಮೆ 4.2ರಿಂದ 4.4 ಮೀಟರ್ ಉದ್ದದ, ಐದು ಜನ ಕೂರುವ ಗಾಡಿ. 2012ರಲ್ಲಿ ಬಂದ ರೆನೋ ಡಸ್ಟರ್ ಈ ವರ್ಗಕ್ಕೆ ದಾರಿ ಮಾಡಿಕೊಟ್ಟಿತು. 2015ರಲ್ಲಿ ಹ್ಯುಂಡೈ ಕ್ರೆಟಾ ಬಂತು, 2019ರಲ್ಲಿ ಕಿಯಾ ಸೆಲ್ಟೋಸ್. 2022ರಲ್ಲಿ ಬಂದ ಟೊಯೊಟಾ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರಾ ಎರಡೂ ನಮ್ಮ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲೇ ತಯಾರಾದವು. ಕೊಳ್ಳುವಾಗ ನೋಡುವುದು ಸಾಮಾನ್ಯವಾಗಿ ಬೆಲೆ, ಅಂದ, ಸನ್‌ರೂಫ್, ಪರದೆಯ ಅಗಲ. ವರ್ಷ ಕಳೆದ ಮೇಲೆ ಇವು ಹಿಂದೆ ಸರಿದು, ಈ ಎಂಜಿನ್ ನಾನು ದಿನಾ ಓಡಿಸುವ ದಾರಿಗೆ ಒಗ್ಗುತ್ತದೆಯೇ ಎಂಬ ಪ್ರಶ್ನೆ ಮುಂದೆ ಬರುತ್ತದೆ. ಎರಡನೇ ವರ್ಷದ ಖರ್ಚು, ರಿಪೇರಿ, ನೆಮ್ಮದಿ ಬಹುಪಾಲು ಇದರ ಮೇಲೆಯೇ ನಿಂತಿವೆ.

ಬಂಕ್‌ನ ಲೆಕ್ಕ

ಕಂಪನಿ ಹೇಳುವ ಮೈಲೇಜ್ ಪ್ರಯೋಗಾಲಯದ ಉರುಳೆಗಳ ಮೇಲೆ, ಎಸಿ ಹಾಕದೆ, ನಿಗದಿತ ವೇಗದ ಏರಿಳಿತದಲ್ಲಿ ಅಳೆದದ್ದು. ಒಂದು ಮಾದರಿಯನ್ನು ಇನ್ನೊಂದರ ಜೊತೆ ಹೋಲಿಸಲು ಅದು ಬೇಕು, ಮನೆಯ ಖರ್ಚಿನ ಅಂದಾಜಿಗೆ ಒದಗುವುದಿಲ್ಲ. ಡ್ಯಾಶ್‌ಬೋರ್ಡ್ ತೋರಿಸುವ ಅಂಕಿಯೂ ಎಷ್ಟೋ ಸಲ ತುಸು ಉದಾರವಾಗಿರುತ್ತದೆ. ನಂಬಬೇಕಾದದ್ದು ಹಳೆಯ ವಿಧಾನವನ್ನೇ: ಪಂಪ್ ತಾನಾಗಿ ನಿಲ್ಲುವವರೆಗೆ ಟ್ಯಾಂಕ್ ತುಂಬಿಸಿ, ಕಿಲೋಮೀಟರ್ ಬರೆದಿಟ್ಟುಕೊಂಡು, ಮುಂದಿನ ಸಲ ಅದೇ ಬಂಕ್‌ನಲ್ಲಿ ಮತ್ತೆ ಹಾಗೆಯೇ ತುಂಬಿಸಿ ಭಾಗಿಸುವುದು. ಐದಾರು ಟ್ಯಾಂಕ್‌ಗಳ ಸರಾಸರಿ ಸಿಕ್ಕಿದರೆ ಗಾಡಿಯ ಆರೋಗ್ಯದ ನಾಡಿಯೂ ಸಿಕ್ಕಿದಂತೆ. ಕಾರಣವಿಲ್ಲದೆ ಆ ಸರಾಸರಿ ಬಿದ್ದರೆ ಮೊದಲು ಟೈರಿನ ಗಾಳಿ, ಆಮೇಲೆ ಏರ್ ಫಿಲ್ಟರ್, ಆಮೇಲೆ ಹಿಡಿದುಕೊಂಡಿರುವ ಬ್ರೇಕ್ ನೋಡಬೇಕು.

ವರ್ಷಕ್ಕೆ 12,000 ಕಿ.ಮೀ. ಓಡಿಸುವವರು ಲೀಟರಿಗೆ 12 ಕಿ.ಮೀ. ಪಡೆದರೆ 1,000 ಲೀಟರ್ ಬೇಕು, 20 ಪಡೆದರೆ 600 ಸಾಕು. ಲೀಟರಿಗೆ 100 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 40,000 ರೂಪಾಯಿ ವ್ಯತ್ಯಾಸ. ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವ, ಮೈಲೇಜ್ ಹೆಚ್ಚಿರುವ ಹೈಬ್ರಿಡ್‌ಗೆ ಕೊಟ್ಟ ಹೆಚ್ಚುವರಿ ಹಣ ಎಷ್ಟು ವರ್ಷದಲ್ಲಿ ವಾಪಸಾಗುತ್ತದೆ ಎಂಬುದನ್ನು ಈಗ ನಿಮ್ಮದೇ ಅಂಕಿಗಳಿಂದ ಲೆಕ್ಕ ಹಾಕಬಹುದು. ಶೋರೂಮಿನಲ್ಲಿ ಅದು ಬರೀ ಊಹೆಯಾಗಿತ್ತು.

ಎಥನಾಲ್ ವಿಚಾರವನ್ನೂ ಇಲ್ಲೇ ಹೇಳಬೇಕು. ಈಗ ಬಂಕ್‌ಗಳಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಹಾಗಾಗಿ ಶುದ್ಧ ಪೆಟ್ರೋಲ್‌ಗೆ ಹೋಲಿಸಿದರೆ ಮಿಶ್ರಣದಲ್ಲಿ ಶೇ 6ರಿಂದ 7ರಷ್ಟು ಶಕ್ತಿ ಕಡಿಮೆ ಇರುತ್ತದೆ. 2023ರ ಏಪ್ರಿಲ್ ನಂತರ ತಯಾರಾದ ಗಾಡಿಗಳ ರಬ್ಬರ್ ಕೊಳವೆ, ಸೀಲ್‌ಗಳು ಈ ಇಂಧನಕ್ಕೆ ತಕ್ಕಂತೆ ಇವೆ. ಸೆಕೆಂಡ್ ಹ್ಯಾಂಡ್ ಕೊಂಡವರು ಮಾತ್ರ ತಯಾರಾದ ವರ್ಷವನ್ನು ಆರ್‌ಸಿಯಲ್ಲಿ ನೋಡಿಕೊಳ್ಳಬೇಕು.

ಡೀಸೆಲ್ ಮತ್ತು ಮಸಿ ತುಂಬುವ ಜಾಲರಿ

2020ರಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಡೀಸೆಲ್ ಎಸ್‌ಯುವಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಕೂತಿದೆ. ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಡಿಪಿಎಫ್. ಅದರೊಳಗೆ ಜೇನುಗೂಡಿನಂಥ ಸಣ್ಣ ಸಣ್ಣ ಕೊಳವೆಗಳು. ಮಸಿ ಅಲ್ಲಿ ಸೇರುತ್ತಾ ಹೋಗಿ, ಒಂದು ಮಟ್ಟ ಮುಟ್ಟಿದಾಗ ಎಂಜಿನ್ ಹೆಚ್ಚು ಡೀಸೆಲ್ ಚಿಮ್ಮಿಸಿ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದನ್ನು ಸುಟ್ಟು ಬೂದಿ ಮಾಡುತ್ತದೆ. ಈ ಕೆಲಸ ಮುಗಿಯಲು ಗಾಡಿ ಒಂದೇ ಸಮನೆ ಹದಿನೈದು ಇಪ್ಪತ್ತು ನಿಮಿಷ ಓಡಬೇಕು.

ಮನೆಯಿಂದ ಶಾಲೆಗೆ ಎರಡು ಕಿ.ಮೀ., ಶಾಲೆಯಿಂದ ಕಚೇರಿಗೆ ನಾಲ್ಕು ಕಿ.ಮೀ. ಎಂಬಷ್ಟೇ ಓಡಾಟವಿರುವವರ ಡೀಸೆಲ್ ಗಾಡಿಗೆ ಆ ಅವಕಾಶ ಸಿಗುವುದೇ ಇಲ್ಲ. ಸುಡಲು ಶುರುಮಾಡಿದಾಗಲೆಲ್ಲ ಮಾಲೀಕರು ಕೀಲಿ ತಿರುಗಿಸಿ ಇಳಿದುಬಿಡುತ್ತಾರೆ. ಅರ್ಧಕ್ಕೆ ನಿಂತ ಪ್ರಯತ್ನಗಳಲ್ಲಿ ಸುಡದೆ ಉಳಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಜಾರಿ ಎಂಜಿನ್ ಆಯಿಲ್‌ಗೆ ಸೇರುತ್ತದೆ. ಆಯಿಲ್ ಕಡ್ಡಿ ಎತ್ತಿ ನೋಡಿದರೆ ಮಟ್ಟ ಇಳಿಯುವ ಬದಲು ಏರಿರುತ್ತದೆ. ಇದು ಶುಭವಲ್ಲ, ತೆಳುವಾದ ಆಯಿಲ್ ಟರ್ಬೊವನ್ನೂ ಬೇರಿಂಗ್‌ಗಳನ್ನೂ ಸವೆಸುತ್ತದೆ. ನಿಂತಾಗಲೂ ಎಂಜಿನ್ ಸುತ್ತು ಹೆಚ್ಚಿದ್ದರೆ, ರೇಡಿಯೇಟರ್ ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ, ಕಮಟು ಬಿಸಿ ವಾಸನೆ ಬಂದರೆ ಒಳಗೆ ಮಸಿ ಸುಡುತ್ತಿರಬಹುದು. ಆಗ ಇಳಿಯದೆ ಹೊರವರ್ತುಲ ರಸ್ತೆಯಲ್ಲೊಂದು ಸುತ್ತು ಹಾಕಿ ಬರುವುದು ಲೇಸು. ಡ್ಯಾಶ್‌ಬೋರ್ಡ್‌ನಲ್ಲಿ ಡಿಪಿಎಫ್ ದೀಪ ಹತ್ತಿದ ಮೇಲೂ ಹತ್ತಾರು ದಿನ ಹಾಗೇ ಬಿಟ್ಟರೆ ಸರ್ವಿಸ್ ಸೆಂಟರಿನಲ್ಲಿ ಯಂತ್ರ ಹಚ್ಚಿ ಸುಡಿಸಬೇಕಾಗುತ್ತದೆ. ಅದೂ ಆಗದಿದ್ದರೆ ಫಿಲ್ಟರನ್ನೇ ಬದಲಿಸಬೇಕು, ಆ ಬಿಲ್ ಮನೆಯ ತಿಂಗಳ ಬಜೆಟ್ ಅಲುಗಿಸುವಂಥದ್ದು. ತಿಂಗಳಿಗೆ ಒಂದೆರಡು ಸಲವಾದರೂ ಹಾಸನಕ್ಕೋ ದಾವಣಗೆರೆಗೋ ಹೋಗಿಬರುವವರಿಗೆ ಇದೇ ಡೀಸೆಲ್ ವರ್ಷಗಟ್ಟಲೆ ತಕರಾರಿಲ್ಲದೆ ದುಡಿಯುತ್ತದೆ.

ಹೈಬ್ರಿಡ್: ಊರಿನಲ್ಲಿ ಒಂದು, ಘಾಟಿಯಲ್ಲಿ ಇನ್ನೊಂದು

ಸ್ಟ್ರಾಂಗ್ ಹೈಬ್ರಿಡ್‌ನ ಗುಣ ಡೀಸೆಲ್‌ಗೆ ತಿರುವುಮುರುವು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್‌ನಲ್ಲಿ ಅದರ ಎಂಜಿನ್ ಎಷ್ಟೋ ಹೊತ್ತು ಆಫ್ ಆಗಿಯೇ ಇರುತ್ತದೆ. ಬ್ರೇಕ್ ಒತ್ತಿದಷ್ಟೂ ಬ್ಯಾಟರಿಗೆ ವಿದ್ಯುತ್ ಮರಳುತ್ತದೆ. ಹೆದ್ದಾರಿಯಲ್ಲಿ ಏಕವೇಗದಲ್ಲಿ ಹೋಗುವಾಗ ಆ ಲಾಭ ಕುಗ್ಗುತ್ತದೆ.

ಘಾಟಿಯ ಸಂಗತಿ ತುಸು ವಿವರವಾಗಿ ಹೇಳುವಂಥದ್ದು. ಹೈರೈಡರ್ ಮತ್ತು ಗ್ರ್ಯಾಂಡ್ ವಿಟಾರಾ ಹೈಬ್ರಿಡ್‌ಗಳ ಬ್ಯಾಟರಿಯ ಸಾಮರ್ಥ್ಯ 0.76 ಯೂನಿಟ್ ವಿದ್ಯುತ್. ಜನ, ಸಾಮಾನು ಸೇರಿ 1,500 ಕಿಲೋ ತೂಗುವ ಗಾಡಿ 600 ಮೀಟರ್ ಎತ್ತರದಿಂದ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 2.45 ಯೂನಿಟ್. ಅಂದರೆ ಬ್ಯಾಟರಿ ಖಾಲಿಯಿದ್ದರೂ ಅದು ಹಿಡಿಯಬಲ್ಲದ್ದರ ಮೂರು ಪಟ್ಟು. ಆಗುಂಬೆಯಿಂದ ಸೋಮೇಶ್ವರದ ಕಡೆ ಇಳಿಯುವಾಗ ಅರ್ಧ ದಾರಿಯಲ್ಲೇ ಬ್ಯಾಟರಿ ತುಂಬಿಬಿಡುತ್ತದೆ. ಅಲ್ಲಿಯವರೆಗೆ ಬ್ರೇಕ್ ಪೆಡಲ್ ಒತ್ತಿದಾಗ ಮೋಟಾರೂ ಗಾಡಿಯನ್ನು ಹಿಡಿದಿಡುತ್ತಿತ್ತು, ತುಂಬಿದ ಮೇಲೆ ಆ ಹಿಡಿತ ಸಡಿಲಿ ಭಾರವೆಲ್ಲ ಬ್ರೇಕ್ ಪ್ಯಾಡ್‌ಗಳ ಮೇಲೆ ಬೀಳುತ್ತದೆ. ಎಂಜಿನ್ ಸದ್ದು ಇದ್ದಕ್ಕಿದ್ದಂತೆ ಏರಿದರೆ ಗಾಬರಿಯಾಗಬೇಕಿಲ್ಲ. ಹೆಚ್ಚಿನ ಶಕ್ತಿಯನ್ನು ಕಳೆಯಲು ಗಾಡಿಯೇ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ. ಇಳಿಜಾರು ಶುರುವಾಗುವ ಮೊದಲೇ ಗೇರ್‌ಲಿವರನ್ನು ಎಂಜಿನ್‌ನಿಂದಲೇ ವೇಗ ತಗ್ಗಿಸುವ ‘ಬಿ’ಗೆ ಹಾಕಿಕೊಳ್ಳುವುದು ಇದಕ್ಕಾಗಿಯೇ. ಲಾರಿ ಚಾಲಕರು ಏರಿದ ಗೇರಿನಲ್ಲೇ ಇಳಿಯಬೇಕು ಅನ್ನುತ್ತಾರಲ್ಲ, ಅದೇ ಮಾತು ಇಲ್ಲಿಗೂ ಸಲ್ಲುತ್ತದೆ.

ಕರಾವಳಿಯ ಹೈಬ್ರಿಡ್ ಮಾಲೀಕರಿಗೆ ಇನ್ನೊಂದು ಸೂಚನೆ. ಊರಿನಲ್ಲಿ ಬ್ರೇಕಿನ ಬಹುಪಾಲು ಕೆಲಸವನ್ನು ಮೋಟಾರೇ ಮಾಡುವುದರಿಂದ ಡಿಸ್ಕ್‌ಗಳಿಗೆ ಉಜ್ಜಾಟ ಕಡಿಮೆ. ಉಪ್ಪುಗಾಳಿಯಲ್ಲಿ ಅವು ತುಕ್ಕು ಹಿಡಿಯುತ್ತವೆ, ಕ್ಯಾಲಿಪರ್ ಪಿನ್‌ಗಳು ಬಿಗಿಯುತ್ತವೆ. ಮಳೆಗಾಲ ಕಳೆದ ಮೇಲೆ ಒಮ್ಮೆ ಚಕ್ರ ಬಿಚ್ಚಿಸಿ ಸ್ವಚ್ಛ ಮಾಡಿಸಿದರೆ ಪ್ಯಾಡ್ ಜಾಸ್ತಿ ಬಾಳುತ್ತದೆ. ಕೆಲವು ವಾರ ವಿದೇಶಕ್ಕೆ ಹೋಗುವವರು ದೊಡ್ಡ ಬ್ಯಾಟರಿಯ ಚಿಂತೆ ಮಾಡುತ್ತಾರೆ. ನಿಜವಾಗಿ ಕೈಕೊಡುವುದು ಬೇರೆಯಾಗಿರುವ ಸಣ್ಣ 12 ವೋಲ್ಟ್ ಬ್ಯಾಟರಿ. ಅದು ಸತ್ತರೆ ಗಾಡಿಯ ಕಂಪ್ಯೂಟರ್ ಏಳುವುದೇ ಇಲ್ಲ.

ಟರ್ಬೊ ಪೆಟ್ರೋಲ್ ಬಗ್ಗೆ ಹೇಳಬೇಕಾದದ್ದು ಕಡಿಮೆ. ಅದರೊಂದಿಗೆ ಒಣ ಕ್ಲಚ್‌ನ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಇದ್ದರೆ, ಏರಿನಲ್ಲಿ ನಿಂತಾಗ ಆಕ್ಸಿಲರೇಟರ್ ಒತ್ತಿ ಗಾಡಿಯನ್ನು ಹಿಡಿದು ನಿಲ್ಲಿಸಬಾರದು. ಬ್ರೇಕ್ ಒತ್ತಿರಬೇಕು, ಇಲ್ಲದಿದ್ದರೆ ಕ್ಲಚ್ ಕಾದು ಸುಡುತ್ತದೆ.

ಮೊದಲ ವಿಮಾ ನವೀಕರಣ

ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದನ್ನು ಖರೀದಿಯ ದಿನವೇ ಕಟ್ಟಿಸಿಕೊಂಡಿರುತ್ತಾರೆ. ಹಾಗಾಗಿ ವರ್ಷ ತುಂಬಿದಾಗ ನವೀಕರಿಸಬೇಕಾದದ್ದು ಸ್ವಂತ ಗಾಡಿಯ ಹಾನಿಗೆ ಸಂಬಂಧಿಸಿದ ‘ಓನ್ ಡ್ಯಾಮೇಜ್’ ಭಾಗ ಮಾತ್ರ. ಅದನ್ನು ಬೇರೆ ಕಂಪನಿಯಿಂದಲೂ ಕೊಳ್ಳಬಹುದು, ಶೋರೂಮಿನವರು ಫೋನ್ ಮಾಡಿ ಹೇಳುವ ಮೊತ್ತಕ್ಕೆ ತಲೆಯಾಡಿಸಬೇಕಾಗಿಲ್ಲ. ಮೂರು ಕಡೆ ದರ ಕೇಳಿ, ಆದರೆ ಗಾಡಿಯ ವಿಮಾ ಮೌಲ್ಯ ಮೂರರಲ್ಲೂ ಒಂದೇ ಇದೆಯೇ ನೋಡಿ. ಮೌಲ್ಯ ತಗ್ಗಿಸಿ ಪ್ರೀಮಿಯಂ ಇಳಿಸಿ ತೋರಿಸುವುದು ಸುಲಭ.

ವರ್ಷವಿಡೀ ಕ್ಲೇಮ್ ಮಾಡದವರಿಗೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಶೇ 20ರಷ್ಟು ನೋ ಕ್ಲೇಮ್ ಬೋನಸ್ ಸಿಗುತ್ತದೆ. ಹಾಗೆಯೇ ಮುಂದುವರಿದರೆ ಕ್ರಮವಾಗಿ 25, 35, 45, ಕೊನೆಗೆ 50. ಬಂಪರ್ ಗೀಚಿದಾಗ ಕ್ಲೇಮ್ ಮಾಡಲೋ ಬೇಡವೋ ಎಂಬ ಗೊಂದಲಕ್ಕೆ ಈ ಮೆಟ್ಟಿಲುಗಳಲ್ಲೇ ಉತ್ತರವಿದೆ. ಮೊದಲ ವರ್ಷ ಕ್ಲೇಮ್ ಮಾಡಿದವರು ಇಡೀ ಏಣಿಯಲ್ಲಿ ಒಂದು ಮೆಟ್ಟಿಲು ಹಿಂದೆ ಬೀಳುತ್ತಾರೆ. ಆಗ ತಪ್ಪುವ ಬೋನಸ್ ಎರಡನೇ ವರ್ಷ ಶೇ 20, ಮೂರನೇ ವರ್ಷ 5, ನಾಲ್ಕು ಮತ್ತು ಐದನೇ ವರ್ಷ 10-10, ಆರನೇ ವರ್ಷ 5. ಕಳೆದುಕೊಂಡದ್ದು ಒಟ್ಟು ಶೇ 50, ಅಂದರೆ ಹತ್ತಿರ ಹತ್ತಿರ ಅರ್ಧ ವರ್ಷದ ಪ್ರೀಮಿಯಂ. ಅದು 15,000 ರೂಪಾಯಿ ಇದ್ದರೆ ನಷ್ಟ ಸುಮಾರು 7,500. ವರ್ಷದಿಂದ ವರ್ಷಕ್ಕೆ ಗಾಡಿಯ ಮೌಲ್ಯ ಇಳಿಯುವುದರಿಂದ ತುಸು ಕಡಿಮೆಯಾದೀತು. ಇದಕ್ಕೆ 1,500 ಸಿಸಿವರೆಗಿನ ಕಾರುಗಳಿಗೆ ಪ್ರತಿ ಕ್ಲೇಮಿನಲ್ಲೂ ಮಾಲೀಕರೇ ಕಟ್ಟಬೇಕಾದ 1,000 ರೂಪಾಯಿ ಸೇರಿಸಿ. ಬಣ್ಣ ಹಚ್ಚಿಸುವ ಖರ್ಚು ಈ ಮೊತ್ತಕ್ಕಿಂತ ಕಡಿಮೆಯಿದ್ದರೆ ಕೈಯಿಂದ ಕೊಟ್ಟುಬಿಡುವುದೇ ಜಾಣತನ. ಬೋನಸ್ ಸೇರಿದ್ದು ಮಾಲೀಕರಿಗೇ ಹೊರತು ಕಾರಿಗಲ್ಲ. ಗಾಡಿ ಮಾರಿದರೂ ಮುಂದಿನ ಗಾಡಿಗೆ ಅದನ್ನು ಒಯ್ಯಬಹುದು. ಪಾಲಿಸಿ ಮುಗಿದು 90 ದಿನ ದಾಟಿದರೆ ಮಾತ್ರ ಕೈತಪ್ಪುತ್ತದೆ.

ಬಿಡಿಭಾಗಗಳ ಬೆಲೆಯಲ್ಲಿ ಸವಕಳಿ ಕಳೆಯದ ‘ಝೀರೊ ಡೆಪ್’ ಆಡ್-ಆನ್ ಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ, ಮೊದಲ ಐದು ವರ್ಷ ಬೇಕು. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳ ಬೆಲೆಯಲ್ಲಿ ಅರ್ಧ ಕಡಿತವಾಗುತ್ತದೆ. ಇಂದಿನ ಎಸ್‌ಯುವಿಯ ಮುಖದಲ್ಲಿ ಮೊದಲು ಒಡೆಯುವ ಬಂಪರ್, ಗ್ರಿಲ್, ಚಕ್ರದ ಸುತ್ತಲಿನ ಕಪ್ಪು ಪಟ್ಟಿ ಎಲ್ಲವೂ ಪ್ಲಾಸ್ಟಿಕ್ಕೇ.

ನೀರು

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಸುತ್ತಮುತ್ತ ನೆಲಮಾಳಿಗೆಗಳಲ್ಲಿ ಮುಳುಗಿದ ಕಾರುಗಳ ಚಿತ್ರ ಹಲವರಿಗೆ ನೆನಪಿರಬಹುದು. ನೆಲದಿಂದ 200 ಮಿ.ಮೀ. ಎತ್ತರವಿದೆ ಎಂಬ ಧೈರ್ಯದಲ್ಲಿ ನೀರಿಗೆ ನುಗ್ಗುವವರು ಒಂದು ಮಾತು ಮರೆಯುತ್ತಾರೆ: ಆ ಅಳತೆ ಗಾಡಿಯ ಹೊಟ್ಟೆಗೂ ರಸ್ತೆಗೂ ನಡುವಿನ ಅಂತರ, ನೀರಿನ ಆಳಕ್ಕೆ ಸಿಕ್ಕ ಪರವಾನಗಿಯಲ್ಲ. ಎಂಜಿನ್ ಗಾಳಿ ಎಳೆಯುವ ಬಾಯಿಗೆ ನೀರು ಹೋದರೆ ಪಿಸ್ಟನ್ ಅದನ್ನು ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಿನಲ್ಲಿ ಎಂಜಿನ್ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಲೇಬಾರದು. ಎಂಜಿನ್ ಪ್ರೊಟೆಕ್ಟ್ ಆಡ್-ಆನ್ ಇಲ್ಲದಿದ್ದರೆ, ನೀರು ಹೊಕ್ಕ ಎಂಜಿನ್ನನ್ನು ತಿರುಗಿಸಿದ್ದರಿಂದಾದ ಹಾನಿಯನ್ನು ವಿಮಾ ಕಂಪನಿ ಒಪ್ಪುವುದಿಲ್ಲ. ನೆಲಮಾಳಿಗೆಯಲ್ಲಿ ಗಾಡಿ ನಿಲ್ಲಿಸುವವರು ಮೊದಲ ನವೀಕರಣದಲ್ಲೇ ಈ ಆಡ್-ಆನ್ ಇದೆಯೇ ನೋಡಿಕೊಳ್ಳಲಿ.

ಟೈರು, ಅಗಲ, ಕಾಗದ

ಈ ವರ್ಗದ ಹಲವು ಗಾಡಿಗಳ ಟೈರ್ ಅಳತೆ 215/60 ಆರ್17. ಹತ್ತು ಸಾವಿರ ಕಿ.ಮೀ.ಗೊಮ್ಮೆ ಹಿಂದುಮುಂದು ಬದಲಿಸಿ ಅಲೈನ್‌ಮೆಂಟ್ ಮಾಡಿಸಿದರೆ ಸವೆತ ಸಮವಾಗುತ್ತದೆ. ಗಾಳಿಯ ಒತ್ತಡ ಎಷ್ಟಿರಬೇಕೆಂಬುದು ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿದೆ. ತುಂಬಿದ ಗಾಡಿಗೆ ಬೇರೆ ಅಂಕಿ ಇರುತ್ತದೆ. ಕೆಲವು ಮಾದರಿಗಳಲ್ಲಿ ಸ್ಟೆಪ್ನಿ ಉಳಿದ ನಾಲ್ಕಕ್ಕಿಂತ ಚಿಕ್ಕದು, ಅದನ್ನು ಪಂಕ್ಚರ್ ಅಂಗಡಿ ಮುಟ್ಟುವಷ್ಟು ದೂರಕ್ಕೆ ಮಾತ್ರ ಬಳಸಬೇಕು.

ಗಾಡಿಯ ಅಗಲ ಸುಮಾರು 1.79 ಮೀಟರ್. ಅಪಾರ್ಟ್‌ಮೆಂಟಿನ ಎರಡೂವರೆ ಮೀಟರ್ ಗುರುತಿನೊಳಗೆ ಅದು ನಿಂತರೆ ಬಾಗಿಲು ತೆರೆಯಲು ಪ್ರತಿ ಬದಿಗೆ ಉಳಿಯುವುದು 35 ಸೆಂ.ಮೀ. ಎರಡನೇ ವರ್ಷದ ಗೀರುಗಳಲ್ಲಿ ಹಲವು ಇಲ್ಲೇ ಹುಟ್ಟುತ್ತವೆ. ಕಂಬದ ಮಗ್ಗುಲಿನ ಜಾಗ ಸಿಕ್ಕಿದರೆ ಬದಲಾಯಿಸಿಕೊಳ್ಳಿ, ಒಂದು ಬದಿಯಾದರೂ ಕ್ಷೇಮ.

ನೋಂದಣಿಯಾಗಿ ವರ್ಷ ತುಂಬಿದ ದಿನದಿಂದ ಹೊಗೆ ತಪಾಸಣೆಯ ಪ್ರಮಾಣಪತ್ರ ಬೇಕು. ಹೊಸ ಗಾಡಿಯೆಂಬ ಗುಂಗಿನಲ್ಲಿ ಇದನ್ನು ಮರೆತು ದಂಡ ಕಟ್ಟುವವರು ಕಡಿಮೆಯಿಲ್ಲ. 2025ರ ಆಗಸ್ಟ್ 15ರಿಂದ ಖಾಸಗಿ ಕಾರುಗಳಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂದಿದೆ, ಶುರುವಿನಲ್ಲಿ ಅದರ ಬೆಲೆ 3,000 ರೂಪಾಯಿ ಇತ್ತು. ಒಂದು ವರ್ಷ ಅಥವಾ 200 ಬಾರಿ ಟೋಲ್ ದಾಟುವುದು, ಯಾವುದು ಮೊದಲೋ ಅದು. ಆ ಬೆಲೆಯಲ್ಲಿ ಒಂದು ಸಲ ದಾಟಲು 15 ರೂಪಾಯಿ ಬಿದ್ದಂತಾಗಿತ್ತು. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಕಣಿಮಿಣಿಕೆ, ಗಣಂಗೂರು ಎರಡೂ ಕಡೆ ಟೋಲ್ ಇರುವುದರಿಂದ ಒಮ್ಮೆ ಹೋಗಿಬಂದರೆ ನಾಲ್ಕು ಲೆಕ್ಕ, ಅಂದರೆ ಒಂದು ಪಾಸ್‌ಗೆ ಐವತ್ತು ಪ್ರಯಾಣ. ಪಾಸ್ ನಡೆಯುವುದು ರಾಷ್ಟ್ರೀಯ ಹೆದ್ದಾರಿ ಮತ್ತು ಎಕ್ಸ್‌ಪ್ರೆಸ್‌ವೇಗಳಲ್ಲಿ ಮಾತ್ರ, ನೈಸ್ ರಸ್ತೆಯ ಟೋಲನ್ನು ಎಂದಿನಂತೆ ಬೇರೆಯಾಗಿಯೇ ಕಟ್ಟಬೇಕು.